ಕಾಲುಂಗುರದ ಬೆರಳು

ಆ ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಾನು ಕೂಲರಿಗೆ ಒದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ಎರಡು ದಿನ ಮನೆಯವರಿಗೆ, ಎದುರುಮನೆಯವರಿಗೆ, ಫೋನ್ ಮಾಡಿದ ತಂಗಿಗೆ ನಾನು ಹೇಳಿದ್ದು ಬೇರೆ ಕತೆ. ಹಾದುಹೋಗುವಾಗ ಕೂಲರಿನ ಸ್ಟ್ಯಾಂಡು ಕಾಲಿಗೆ ತಗಲಿತು ಅಂತ. ಐವತ್ತು ದಾಟಿದ, ಶಾಲೆಯಲ್ಲಿ ಗಣಿತ ಕಲಿಸುವ, ಸಿಟ್ಟು ಬಂದರೆ ಹತ್ತರವರೆಗೆ ಎಣಿಸಿ ಎಂದು ಮಕ್ಕಳಿಗೆ ಉಪದೇಶ ಮಾಡುವ ಹೆಂಗಸು ಬರಿಗಾಲಲ್ಲಿ ಕಬ್ಬಿಣಕ್ಕೆ ಒದ್ದಳೆಂದು ಯಾರ ಮುಂದೆ ಹೇಳಿಕೊಳ್ಳುವುದು?

ನಮ್ಮದು ಈ ಮರಾಠಿ ಊರಿನ ಮನೀಶ್ ನಗರ ಬಡಾವಣೆಯಲ್ಲಿ ಮೂರನೆಯ ಮಹಡಿಯ ಮನೆ. ಮೇಲೆ ತಾರಸಿ, ತಾರಸಿಯ ಮೇಲೆ ನೇರವಾಗಿ ಸೂರ್ಯ. ಏಪ್ರಿಲ್‌ನಿಂದ ಜೂನ್‌ವರೆಗೆ ಹಜಾರದ ಕಿಟಕಿಯಲ್ಲಿ ಕೂಲರು ಗುಡುಗುತ್ತಿರುತ್ತದೆ. ಅದರ ಹೊಟ್ಟೆಗೆ ದಿನಕ್ಕೆ ನಾಲ್ಕು ಸಲ ಬಕೆಟ್ಟುಗಟ್ಟಲೆ ನೀರು ಸುರಿಯಬೇಕು. ಸುರಿಯದಿದ್ದರೆ ಪಂಪು ಒಣಗಿ ಸುಟ್ಟುಹೋಗುತ್ತದೆ. ಈ ವಿಷಯ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ನನ್ನ ಗಂಡನಿಗೆ. ನೀರು ಸುರಿಯುವುದು ನಾನು.

ಅವರು ಸೇನೆಗೆ ಮದ್ದುಗುಂಡು ಮಾಡುವ ಆರ್ಡ್ನನ್ಸ್ ಫ್ಯಾಕ್ಟರಿಯಲ್ಲಿ ಅಳತೆ ತಪಾಸಣೆಯ ವಿಭಾಗದವರು. ಬೇರೆಯವರು ಮಾಡಿದ ವಸ್ತು ಸರಿಯಾಗಿದೆಯೋ ಇಲ್ಲವೋ ಎಂದು ಹೇಳುವುದಷ್ಟೇ ಅವರ ಕೆಲಸ, ಸ್ವತಃ ಏನೂ ಮಾಡಬೇಕಾಗಿಲ್ಲ. ಮನೆಗೆ ಬಂದ ಮೇಲೂ ಅದೇ ಹುದ್ದೆಯಲ್ಲಿ ಮುಂದುವರಿಯುತ್ತಾರೆ. ಚಪಾತಿ ಗುಂಡಗಿಲ್ಲ, ಪರದೆ ಎಡಕ್ಕೆ ಒಂದು ಬೆರಳು ಇಳಿದಿದೆ, ಕುಕ್ಕರಿನ ಸೀಟಿ ತಡವಾಗಿ ಬಂತು. ಮೈಸೂರಿನವರಾದ್ದರಿಂದ ಇದನ್ನೆಲ್ಲ ಬಹಳ ಮೆತ್ತಗೆ ಹೇಳುತ್ತಾರೆ. ನಾನು ಗದಗಿನ ಕಡೆಯವಳು. ನಾನು 'ಚಹಾ ಆತು' ಎಂದರೂ ಜಗಳ ಶುರುವಾಯಿತೆಂದೇ ನಮ್ಮ ಅತ್ತೆ ಇವತ್ತಿಗೂ ತಿಳಿಯುತ್ತಾರೆ.

ಆ ಭಾನುವಾರ ನನಗೆ ಸೊಂಟ ಹಿಡಿದಿತ್ತು. ಊಟವಾದ ಮೇಲೆ ಮೂರು ಸಲ ಹೇಳಿದ್ದೆ.

"ರೀ, ಕೂಲರಿನ್ಯಾಗ ನೀರ ಮುಗದಾವ. ಒಂದ್ನಾಕ ಬಕೀಟ ಹಾಕ್ರಿ."

"ಹಾಕ್ತೀನಿ ಇರು. ಈ ಓವರ್ ಮುಗೀಲಿ."

ಓವರ್ ಮುಗಿಯಿತು, ಇನ್ನಿಂಗ್ಸ್ ಮುಗಿಯಿತು, ಕೊನೆಗೆ ಪಂಪೂ ಮುಗಿಯಿತು. ಸುಟ್ಟ ರಬ್ಬರಿನ ವಾಸನೆ ಬಂದಾಗ ಅವರು ಎದ್ದು ಬಂದರು. ಕೂಲರಿನ ಒಳಗೆ ಇಣುಕಿದರು. ಸೊಂಟದ ಮೇಲೆ ಕೈಯಿಟ್ಟುಕೊಂಡು, ಲೋಹದ ತುಂಡೊಂದನ್ನು ತಿರಸ್ಕರಿಸುವಾಗಿನ ದನಿಯಲ್ಲಿ ಹೇಳಿದರು:

"ನಿನಗೆ ಎಷ್ಟು ಸಲ ಹೇಳಿದ್ದೀನಿ, ನೀರಿನ ಮಟ್ಟ ನೋಡ್ಕೋತಿರಬೇಕು ಅಂತ."

ನಾನು ಹತ್ತರವರೆಗೆ ಎಣಿಸಲಿಲ್ಲ. ಮೂರಕ್ಕೇ ಒದ್ದೆ. ಅವರು ಸ್ಟ್ಯಾಂಡಿನಿಂದ ಒಂದು ಗೇಣು ಎಡಕ್ಕೆ ನಿಂತಿದ್ದರು. ಗುರಿ ತಪ್ಪಿತೆಂದು ಯಾರೂ ತಿಳಿಯಬಾರದು. ಗುರಿ ಸ್ಟ್ಯಾಂಡೇ ಆಗಿತ್ತು, ಹೆಚ್ಚುಕಡಿಮೆ.

ಚಕ್ಕುಲಿ ಮುರಿದಂಥ ಸಣ್ಣ ಶಬ್ದ ಬಂತು. ಆದರೆ ಅಷ್ಟರಲ್ಲಿ ಅವರು ಬಗ್ಗಿ ಪಂಪಿನ ವೈರು ಕೀಳುತ್ತಿದ್ದರು. ಅವರು ತಿರುಗಿದಾಗ ನಾನು ನೆಲದ ಮೇಲೆ ಕೂತು ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. "ಏನಾಯ್ತು?" ಎಂದರು. "ತಗಲಿತ್ರೀ," ಎಂದೆ. ಸುಳ್ಳು ಅಲ್ಲಿಂದ ಶುರುವಾಯಿತು.

ಪೆಟ್ಟಾದದ್ದು ಹೆಬ್ಬೆರಳಿನ ಪಕ್ಕದ ಬೆರಳಿಗೆ. ಆ ಬೆರಳಿಗೆ ನಮ್ಮ ಮನೆಯಲ್ಲಿ ಒಂದು ಇತಿಹಾಸವಿದೆ. ನನ್ನ ಆ ಬೆರಳು ಹೆಬ್ಬೆರಳಿಗಿಂತ ಉದ್ದ. ಹುಡುಗಿ ನೋಡಲು ಬಂದಾಗ ಗಂಡಿನ ಕಡೆಯ ಹಿರಿಯಳೊಬ್ಬಳು ನನ್ನ ಮುಖ ನೋಡುವ ಮೊದಲು ಕಾಲು ನೋಡಿ, ಇಂಥ ಬೆರಳಿನವಳು ಗಂಡನನ್ನು ಆಳುತ್ತಾಳೆ ಎಂದು ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದ್ದಳು. ಸಂಬಂಧ ಆ ಬೆರಳಿನಿಂದಾಗಿ ಹದಿನೈದು ದಿನ ತಡವಾಯಿತು. ಮದುವೆಯಾದ ಮೇಲೆ ಇಪ್ಪತ್ತಾರು ವರ್ಷ ಕಾದಿದ್ದೇನೆ, ಆ ಆಳ್ವಿಕೆ ಯಾವಾಗ ಶುರುವಾಗುತ್ತದೆಂದು. ಸದ್ಯಕ್ಕೆ ಬಕೆಟ್ಟು ನನ್ನ ಕೈಯಲ್ಲೇ ಇದೆ.

ಆ ಬೆರಳಿಗೇ ಧಾರೆಯ ದಿನ ಅವರು ಕಾಲುಂಗುರ ತೊಡಿಸಿದ್ದರು. ಗಟ್ಟಿ ಬೆಳ್ಳಿ, ಬಿಚ್ಚುವ ಬಾಯಿಲ್ಲದ ಪೂರ್ತಿ ಸುತ್ತು. ವರ್ಷಗಳು ಕಳೆದಂತೆ ನಾನು ದಪ್ಪಗಾದೆ, ಉಂಗುರ ಇದ್ದಷ್ಟೇ ಇತ್ತು. ಗಂಟಿನಿಂದ ಹಿಂದೆ ಸರಿದು ಬುಡದಲ್ಲಿ ಕೂತುಬಿಟ್ಟಿತ್ತು.

ಸಂಜೆಗೆ ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಮೂವರು ತಜ್ಞರು ಸುತ್ತ ಸೇರಿದರು.

ಮೊದಲನೆಯವರು ಅತ್ತೆ. ಎಪ್ಪತ್ತೆಂಟು ವರ್ಷ. ಮಾವ ತೀರಿಕೊಂಡ ಮೇಲೆ ಹನ್ನೆರಡು ವರ್ಷದಿಂದ ನಮ್ಮ ಜೊತೆಯಲ್ಲೇ ಇದ್ದಾರೆ. "ಕಾಲ್ಬೆರಳಿಗೆಲ್ಲಾ ಯಾರಾದ್ರೂ ಡಾಕ್ಟ್ರ ಹತ್ರ ಹೋಗ್ತಾರೇನೇ? ಅರಿಶಿನ ಸುಣ್ಣ ಕಲಸಿ ಹಚ್ಚು, ಬೆಳಗ್ಗೆ ಹೊತ್ತಿಗೆ ಇಳಿಯುತ್ತೆ," ಎಂದರು. ಹಿಂದಿನ ವಾರ ತಮ್ಮ ಮಗನಿಗೆ ಶೀತವಾದಾಗ ಇವರೇ ಎರಡು ಬೇರೆ ಬೇರೆ ಡಾಕ್ಟರ ಹತ್ತಿರ ಕಳಿಸಿದ್ದರು.

ಎರಡನೆಯವರು ನನ್ನ ಗಂಡ. "ಅಲ್ಲಾಡಿಸು ನೋಡೋಣ," ಎಂದರು. ಹಲ್ಲು ಕಚ್ಚಿಕೊಂಡು ಅಲ್ಲಾಡಿಸಿದೆ. "ನೋಡು, ಅಲ್ಲಾಡುತ್ತೆ. ಅಲ್ಲಾಡಿದ್ರೆ ಮುರಿದಿಲ್ಲ ಅಂತ ಅರ್ಥ." ಆಮೇಲೆ ಒಳಗಿನಿಂದ ವರ್ನಿಯರ್ ಕ್ಯಾಲಿಪರ್ ತಂದರು. ಎಡಗಾಲಿನ ಬೆರಳನ್ನು ಅಳೆದರು, ಬಲಗಾಲಿನದನ್ನು ಅಳೆದರು, ಕನ್ನಡಕ ಮೇಲೇರಿಸಿ ಓದಿದರು. ವ್ಯತ್ಯಾಸವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ ಬರೆದರು. "ಬರೀ ಬಾವು," ಎಂದು ತೀರ್ಪು ಕೊಟ್ಟರು. ಮದುವೆಯಾದ ಮೇಲೆ ಅವರು ನನ್ನ ಕಾಲನ್ನು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು.

ಮೂರನೆಯವರು ಎದುರುಮನೆಯ ಮರಾಠಿ ಹೆಂಗಸು. ಹತ್ತಿರದ ಸಾವನೇರ್ ಊರಿನಲ್ಲಿ ಒಬ್ಬ ಪೈಲ್ವಾನ ಇದ್ದಾನಂತೆ, ಎಣ್ಣೆ ಹಚ್ಚಿ ಒಂದೇ ಸಲ ಜಗ್ಗಿದರೆ ಎಂಥ ಎಲುಬೂ ಬರೋಬರ್ ಕೂಡುತ್ತದಂತೆ. ಅವರ ಭಾವನ ಭುಜ ಹಾಗೆಯೇ ಕೂಡಿತ್ತು. ಈಗ ಅವರ ಭುಜ ಹೇಗಿದೆ ಎಂದು ಹಿಂದಿಯಲ್ಲಿ ಕೇಳಿದೆ. ಭುಜ ಚೆನ್ನಾಗಿದೆ, ಕೈ ಮಾತ್ರ ಮೇಲೆ ಎತ್ತಲು ಆಗುವುದಿಲ್ಲ ಎಂದರು. ಅತ್ತೆಗೆ ಈ ಪೈಲ್ವಾನ ಬಹಳ ಹಿಡಿಸಿದ. ನಾನು ಹೋಗುವುದಿಲ್ಲ ಎಂದು ಕೂತೆ.

ಅರಿಶಿನ ಸುಣ್ಣ ಹಚ್ಚಿಕೊಂಡು ಮಲಗಿದೆ. ಸೋಮವಾರ ಬೆಳಗ್ಗೆ ನೋಡಿದರೆ ಅಡಿಗೆಮನೆಯಲ್ಲಿ ಉಪ್ಪಿನಕಾಯಿಗೆಂದು ಹತ್ತು ಕಿಲೋ ಮಾವಿನಕಾಯಿ. ವಾರದ ಹಿಂದೆಯೇ ಹೇಳಿಟ್ಟಿದ್ದ ತರಕಾರಿಯವನು ಅವತ್ತೇ ತಂದುಹಾಕಿದ್ದ. "ನಿನ್ನ ಬೆರಳು ನಾಳೆನೂ ಇರುತ್ತೆ, ಕಾಯಿ ನಾಳೆಗೆ ಮೆತ್ತಗಾಗುತ್ತೆ," ಎಂದರು ಅತ್ತೆ. ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಮಧ್ಯಾಹ್ನದವರೆಗೆ ಒಂಟಿಕಾಲಿನ ಕೊಕ್ಕರೆಯಂತೆ ನಿಂತು ಹೆಚ್ಚಿ, ಉಪ್ಪು ಬೆರೆಸಿಟ್ಟೆ. ಸುಸ್ತಾದಾಗ ಎರಡೂ ಕಾಲು ಊರಿದೆ. ಮುರಿದ ಬೆರಳಿಗೆ ಅದಕ್ಕಿಂತ ಕೆಟ್ಟ ಆರೈಕೆ ಇಲ್ಲವೆಂದು ಆಮೇಲೆ ತಿಳಿಯಿತು. ನಾನು ಮಾಡಬೇಕಾಗಿದ್ದದ್ದು ಕಾಲನ್ನು ದಿಂಬಿನ ಮೇಲೆ ಎದೆಗಿಂತ ಎತ್ತರದಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟುಕೊಂಡು ಬಿದ್ದಿರುವುದು. ಫ್ರಿಜ್ಜಿನಲ್ಲಿ ಮಂಜುಗಡ್ಡೆ ಇತ್ತು ಕೂಡ. ಅದನ್ನು ಆ ದಿನ ನನ್ನ ಗಂಡ ಶರಬತ್ತಿಗೆ ಹಾಕಿಕೊಂಡರು.

ಮಂಗಳವಾರ ಬೆಳಗ್ಗೆ ಎದ್ದಾಗ ನೋವು ಕಡಿಮೆಯಾಗಿತ್ತು. ಸಂತೋಷಪಟ್ಟು ಕಾಲು ನೋಡಿಕೊಂಡರೆ ಉಂಗುರ ಕಾಣುತ್ತಲೇ ಇಲ್ಲ. ಬಾವು ಅದನ್ನು ಎರಡೂ ಕಡೆಯಿಂದ ನುಂಗಿತ್ತು. ತುದಿ ಕಪ್ಪುನೀಲಿ. ಮುಟ್ಟಿದರೆ ತಣ್ಣಗಿತ್ತು. ಉಗುರಿನಿಂದ ಚಿವುಟಿಕೊಂಡೆ, ಏನೂ ಗೊತ್ತಾಗಲಿಲ್ಲ. ನೋವು ಕಡಿಮೆಯಾದದ್ದು ಆ ಕಾರಣಕ್ಕೆ.

ಕಾಲೇಜಿನ ಎರಡನೆಯ ವರ್ಷದಲ್ಲಿರುವ ಮಗಳು ಹಲ್ಲುಜ್ಜುತ್ತ ಬಂದು ನೋಡಿದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. ಬ್ರಷ್ಷು ಬಾಯಿಂದ ತೆಗೆದು, "ಅಮ್ಮಾ, ಯೇ ರಿಂಗ್ ಪೆಹಲೇ ನಿಕಾಲೋ. ಜಲ್ದಿ. ಬ್ಲಡ್ ನಹೀ ಜಾ ರಹಾ ಹೈ," ಎಂದಳು. ರಕ್ತ ಹರಿಯುತ್ತಿಲ್ಲ, ಮೊದಲು ಉಂಗುರ ತೆಗೆ ಅಂತ. ಫೋನಿನಲ್ಲಿ ಓದಿ ಹೇಳಿದಳು: ಬೆರಳಿಗೆ ಪೆಟ್ಟಾದರೆ ಬಾವು ಬರುವ ಮೊದಲೇ, ಆ ಕ್ಷಣವೇ ಉಂಗುರ ತೆಗೆಯಬೇಕು, ಇಲ್ಲದಿದ್ದರೆ ಬೆರಳೇ ಹೋಗಬಹುದು. ನಾವು ಎರಡು ದಿನ ತಡಮಾಡಿದ್ದೆವು.

ಸೋಪು ಹಚ್ಚಿದೆವು, ಕೊಬ್ಬರಿ ಎಣ್ಣೆ ಹಚ್ಚಿದೆವು. ಮಗಳು ದಾರ ಸುತ್ತಿ ಎಳೆಯಲು ನೋಡಿದಳು. ನನ್ನ ಕೂಗಿಗೆ ಎದುರುಮನೆಯ ಬಾಗಿಲು ತೆರೆದದ್ದು ಕೇಳಿಸಿತು.

"ಕತ್ತರಿಸಬೇಕ್ರೀ ಇದನ್ನ," ಎಂದೆ.

ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದ ಅತ್ತೆ ಎದ್ದೇಬಿಟ್ಟರು. "ಗಂಡ ಕಣ್ಣಮುಂದೆ ಗುಂಡುಕಲ್ಲಿನ ಹಾಗೆ ಕೂತಿರುವಾಗ ಕಾಲುಂಗುರ ಕತ್ತರಿಸ್ತಾರಾ? ಅದೂ ಮಂಗಳವಾರ!"

ಕಣ್ಣಮುಂದೆ ಕೂತಿದ್ದವರು ಪೇಪರ್ ಮಡಿಸಿದರು. ಫ್ಯಾಕ್ಟರಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಮನುಷ್ಯ ಇವರು. ಗ್ರಹಣದ ದಿನ ಬೇಕೆಂದೇ ತಿಂಡಿ ತಿನ್ನುತ್ತಾರೆ. ಪಂಚಾಂಗವೆಂದರೆ ನಗುತ್ತಾರೆ. ನಾನು ಅವರ ಮುಖ ನೋಡಿದೆ. ಅವರು ಕ್ಯಾಲೆಂಡರ್ ನೋಡಿದರು.

"ನನಗೇನೂ ನಂಬಿಕೆ ಇಲ್ಲಪ್ಪ," ಎಂದರು. "ಆದ್ರೆ ನಾಳೆ ಬುಧವಾರ ಹೇಗೂ ಬರುತ್ತಲ್ಲ."

ನಗಬೇಕೋ ಇನ್ನೊಂದು ಕಾಲಿನಿಂದ ಒದೆಯಬೇಕೋ ತಿಳಿಯಲಿಲ್ಲ. ಅವರ ಆಯುಷ್ಯ ನನ್ನ ಬೆರಳಿನ ಸುತ್ತ ಬಿಗಿದುಕೊಂಡಿತ್ತು. ಅದನ್ನು ಉಳಿಸಲು ನನ್ನ ಬೆರಳು ಸಾಯಬೇಕಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ನನಗಾಗಿ ಅವರು ಬೆರಳಿಗೆ ಏನೂ ಕಟ್ಟಿಕೊಂಡಿರಲಿಲ್ಲ. ನನ್ನ ಆಯುಷ್ಯ ತನ್ನನ್ನು ತಾನೇ ನೋಡಿಕೊಂಡಿತ್ತು.

"ಪಾಪಾ, ಅಭೀ ಸ್ಕೂಟರ್ ನಿಕಾಲೋ," ಎಂದಳು ಮಗಳು, ಈಗಲೇ ಸ್ಕೂಟರ್ ತೆಗೆಯಿರಿ ಅಂತ. ದನಿ ಥೇಟ್ ನನ್ನದೇ. ಅವರು ಎದ್ದರು.

ವರ್ಧಾ ರಸ್ತೆಯ ಕಡೆ ಒಂದು ಎಲುಬಿನ ಆಸ್ಪತ್ರೆ. ಸ್ಕೂಟರಿನ ಹಿಂದೆ ಕಾಲು ಹೊರಗೆ ಚಾಚಿಕೊಂಡು ಕೂತು ಹೋದೆ. ಹತ್ತು ಗಂಟೆಗೇ ರಸ್ತೆ ಕಾದಿತ್ತು. ಸಿಗ್ನಲಿನಲ್ಲಿ ಪಕ್ಕದ ಆಟೋದವನು ನನ್ನ ಬೆರಳಿನಿಂದ ದೂರ ಸರಿದು ನಿಂತ. ಅಷ್ಟು ಮರ್ಯಾದೆ ನನಗೆ ಮನೆಯಲ್ಲಿ ಸಿಕ್ಕಿರಲಿಲ್ಲ.

ಡಾಕ್ಟರು ನಲವತ್ತರ ಆಸುಪಾಸಿನ ಮರಾಠಿ ಹೆಂಗಸು. ಚುರುಕು ಮಾತು, ನೇರ ಕಣ್ಣು. ಕಾಲನ್ನು ನೋಡಿದ ಕೂಡಲೇ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಆಧೀ ಹೇ ಕಾಢಾ," ಎಂದು ಉಂಗುರ ತೋರಿಸಿದರು. ಎಕ್ಸ್‌ರೇ ಆಮೇಲೆ, ಮಾತು ಆಮೇಲೆ, ಮೊದಲು ಇದು ಹೋಗಬೇಕು. ಎರಡು ದಿನ ಏನು ಮಾಡುತ್ತಿದ್ದಿರಿ ಎಂದು ಹಿಂದಿಯಲ್ಲಿ ಕೇಳಿದರು. ಉಪ್ಪಿನಕಾಯಿ ಎಂದೆ. ಅವರು ಕಂಪೌಂಡರನ್ನು ಕೂಗಿದರು.

ಬೆಳ್ಳಿ ಮೀಸೆಯ ಕಂಪೌಂಡರು ಉಂಗುರ ಕತ್ತರಿಸುವ ಸಣ್ಣ ಯಂತ್ರ ತಂದರು. ಗಾಲಿಯಂಥ ಪುಟ್ಟ ಅಲಗು, ತಿರುಗಿಸಲು ಒಂದು ಹಿಡಿಕೆ. ತಿರುಗಿಸಿದರು, ತಿರುಗಿಸಿದರು. ಅಲಗು ಬೆಳ್ಳಿಯ ಮೇಲೆ ಜಾರಿತು. ನಾನು ಮೇಜಿನ ಅಂಚು ಹಿಡಿದುಕೊಂಡೆ. ಅವರು ಬೆವರು ಒರೆಸಿಕೊಂಡು ಇನ್ನೂ ಜೋರಾಗಿ ಒತ್ತಿದರು.

ಗೋಡೆಗೆ ಒರಗಿ, ಬೇರೆ ಕಡೆ ನೋಡುತ್ತಿದ್ದ ನನ್ನ ಗಂಡನಿಗೆ ಆ ಸದ್ದು ತಡೆಯಲಾಗಲಿಲ್ಲ. ನನ್ನ ಕೂಗನ್ನು ತಡೆದುಕೊಂಡಿದ್ದರು. ಅಲಗಿನ ಸದ್ದನ್ನು ತಡೆದುಕೊಳ್ಳಲಿಲ್ಲ.

"ಐಸೇ ನಹೀ, ಐಸೇ ನಹೀ," ಎಂದು ಮುಂದೆ ಬಂದರು. "ಬ್ಲೇಡ್ ಮೊಂಡಾಗಿದೆ. ಆ್ಯಂಗಲ್ಲೂ ತಪ್ಪು. ಹೀಗೆ ಮಾಡಿದ್ರೆ ಸಂಜೆಯಾಗುತ್ತೆ." ಹೀಗಲ್ಲ ಎಂದದ್ದು ಹಿಂದಿಯಲ್ಲಿ, ಉಳಿದದ್ದನ್ನು ಕನ್ನಡದಲ್ಲೇ ಹೇಳಿದರು. ಕಂಪೌಂಡರಿಗೆ ಅರ್ಥವಾಯಿತೆಂದು ಕಾಣುತ್ತದೆ, ಕೈ ತೆಗೆದರು.

ಡಾಕ್ಟರು ಇವರನ್ನು ಮೇಲಿಂದ ಕೆಳಗೆ ನೋಡಿದರು. "ಆಪ್ ಕರೋಗೇ?" ನೀವು ಮಾಡುತ್ತೀರಾ ಎಂದು.

ಇವರು ಕೆಳಗಿಳಿದು ಹೋದರು. ಸ್ಕೂಟರಿನ ಡಿಕ್ಕಿಯಲ್ಲಿ ಅವರದೊಂದು ಸಲಕರಣೆಯ ಚೀಲ ಯಾವಾಗಲೂ ಇರುತ್ತದೆ. ಅದರಿಂದ ಸಣ್ಣ ಹಲ್ಲಿನ ತೆಳು ಗರಗಸ, ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿ ತಂದರು. ಡಾಕ್ಟರು ಎರಡನ್ನೂ ಔಷಧದಲ್ಲಿ ಅದ್ದಿಸಿ, ಬೆರಳಿನ ಬುಡಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಪಕ್ಕದಲ್ಲೇ ನಿಂತರು. ಇವರು ಪಟ್ಟಿಯನ್ನು ಉಂಗುರಕ್ಕೂ ಚರ್ಮಕ್ಕೂ ನಡುವೆ ತೂರಿಸಿ, ಉಸಿರು ಬಿಗಿಹಿಡಿದು, ಗರಗಸ ಆಡಿಸಿದರು. ಒಂದು ಕಡೆ ಕತ್ತರಿಸಿದರು. ತಿರುಗಿಸಿ ಎದುರು ಕಡೆಯೂ ಕತ್ತರಿಸಿದರು. ಐದು ನಿಮಿಷ ಆಗಿರಬಹುದು. ಚರ್ಮಕ್ಕೆ ಒಂದು ಗೀರೂ ಬೀಳಲಿಲ್ಲ. ಬೆಳ್ಳಿ ಎರಡು ತುಂಡಾಗಿ ಟ್ರೇಯಲ್ಲಿ ಬಿತ್ತು. ಇವರು ಒಂದು ತುಂಡನ್ನು ಬೆಳಕಿಗೆ ಹಿಡಿದು, ಕತ್ತರಿಸಿದ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಮುಖದಲ್ಲಿ ಎಂಥ ತೃಪ್ತಿ! ಧಾರೆಯ ದಿನ ತೊಡಿಸುವಾಗಲೂ ಆ ಮುಖ ನಾನು ಕಂಡಿರಲಿಲ್ಲ.

ಆಮೇಲೆ ಅವರಿಗೆ ವಾರ ನೆನಪಾಯಿತು. ತುಂಡುಗಳನ್ನು ಬೇಗಬೇಗ ಅಂಗಿಯ ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲೇ ಫೋನು ಬಂತು, ಅತ್ತೆಯದು.

"ಇಲ್ಲಮ್ಮ, ಕತ್ತರಿಸಲಿಲ್ಲ. ಡಾಕ್ಟ್ರು ಏನೋ ಜೆಲ್ ಹಚ್ಚಿದ್ರು, ತಾನೇ ಜಾರಿಬಂತು. ಹೂಂ, ಹೂಂ. ಮಂಗಳವಾರ ಅಂತ ನಾನೂ ಹೇಳ್ದೆ."

ಡಾಕ್ಟರಿಗೆ ಕನ್ನಡ ಬಾರದು. ಆದರೂ ತಾಯಿಗೆ ಸುಳ್ಳು ಹೇಳುವ ಗಂಡಸಿನ ದನಿ ಎಲ್ಲ ಭಾಷೆಯಲ್ಲೂ ಒಂದೇ ಇರಬೇಕು. ಅವರು ನನ್ನತ್ತ ನೋಡಿ ತುಟಿಯಂಚಿನಲ್ಲಿ ನಕ್ಕರು.

ಸ್ವಲ್ಪ ಹೊತ್ತಿಗೆ ಬೆರಳಿನ ತುದಿ ಕೆಂಪಾಗತೊಡಗಿತು. ಎಕ್ಸ್‌ರೇ ಬಂತು. ಬೆರಳಿನ ಬುಡದ ಎಲುಬಿನಲ್ಲಿ ಓರೆಯಾಗಿ ಒಂದು ಗೆರೆ. ಎಲುಬು ಜಾರಿಲ್ಲ, ಸೀಳಿದೆ ಅಷ್ಟೇ. "ಅಲ್ಲಾಡ್ತಿತ್ತಲ್ಲ?" ಎಂದು ಇವರು ಕೇಳಿದರು. ಮುರಿದ ಬೆರಳೂ ಅಲ್ಲಾಡುತ್ತದೆ, ಅದನ್ನು ನಂಬಿ ಬಹಳ ಜನ ಕೆಡುತ್ತಾರೆ ಎಂದರು ಡಾಕ್ಟರು. ಆಮೇಲೆ ಪೆನ್ನಿನ ತುದಿಯಿಂದ ಗೆರೆಯನ್ನು ತೋರಿಸುತ್ತ ನನ್ನನ್ನು ಕೇಳಿದರು:

"ಕಿಸಕೋ ಲಾತ್ ಮಾರೀ, ಮ್ಯಾಡಮ್?"

ಯಾರಿಗೆ ಒದ್ದಿರಿ ಎಂದು. ನಾನು ಸ್ಟ್ಯಾಂಡು ತಗಲಿದ ಕತೆ ಶುರುಮಾಡಿದೆ. ಅವರು ಕೈಯೆತ್ತಿ ನಿಲ್ಲಿಸಿದರು. ಹಾದುಹೋಗುವಾಗ ತಗಲಿದರೆ ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳುವುದು ಕಿರುಬೆರಳು. ಅದು ಪಕ್ಕಕ್ಕೆ ಸೊಟ್ಟಗಾಗುತ್ತದೆ. ಇದು ಹಾಗಲ್ಲ. ಇದು ಎದುರಿನಿಂದ, ನೇರವಾಗಿ, ಜೋರಾಗಿ ಬಿದ್ದ ಹೊಡೆತ. ನಿಮ್ಮ ಈ ಬೆರಳು ಹೆಬ್ಬೆರಳಿಗಿಂತ ಉದ್ದ, ಒದ್ದಾಗ ಮೊದಲು ತಲುಪಿದ್ದು ಇದೇ.

ನಾನು ಫ್ಯಾನು ನೋಡಿದೆ.

"ಕೂಲರ್‌ಗೆ," ಎಂದರು ನನ್ನ ಗಂಡ. "ಸ್ಟ್ಯಾಂಡು ಗೋಡೆ ಕಡೆಗೆ ಎರಡು ಇಂಚು ಸರಿದಿದೆ. ಭಾನುವಾರವೇ ನೋಡಿದೆ. ಹಾದುಹೋಗುವಾಗ ತಗಲಿದ್ರೆ ಅಷ್ಟು ಸರಿಯೋದಿಲ್ಲ."

"ಗೊತ್ತಿದ್ದೂ ಯಾಕ್ರೀ ಸುಮ್ಮನಿದ್ರಿ?"

"ನಾನೂ ಪಕ್ಕದಲ್ಲೇ ಇದ್ದೆನಲ್ಲ," ಎಂದರು. ಅವರ ಪಾಲಿಗೆ ಅದು ತಪ್ಪೊಪ್ಪಿಗೆಯ ಹತ್ತಿರದ ಮಾತು. ಇನ್ನೂ ಹತ್ತಿರ ಅವರು ಇಂದಿನವರೆಗೆ ಬಂದಿಲ್ಲ.

ಇನ್ನು ಚಿಕಿತ್ಸೆ. ಮುರಿದ ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಡಾಕ್ಟರು ಒಂದಿಷ್ಟು ಹತ್ತಿ ಇಟ್ಟರು. ಎರಡನ್ನೂ ಸೇರಿಸಿ ಟೇಪು ಸುತ್ತಿದರು. ಮುಗಿಯಿತು. ಸರಿಯಿರುವ ಬೆರಳು ಕೆಟ್ಟಿರುವ ಬೆರಳಿಗೆ ಆಸರೆಯಾಗುತ್ತದಂತೆ. ಎಣ್ಣೆ ಬೇಡ, ಮಾಲೀಷು ಬೇಡ, ಜಗ್ಗುವವರ ಹತ್ತಿರ ಹೋಗಲೇಬೇಡಿ. ಕಾಲು ಎತ್ತರದಲ್ಲಿಡಿ. ಹೊರಗೆ ಹೋದರೆ ತಳ ಬಾಗದ, ಮುಂದೆ ಅಗಲವಿರುವ ಶೂ ಹಾಕಿ, ಚಪ್ಪಲಿ ಬೇಡ. ಬೆರಳು ಮತ್ತೆ ತಣ್ಣಗಾದರೆ, ಬಣ್ಣ ಬದಲಾದರೆ, ಮರಗಟ್ಟಿದರೆ ಓಡಿಬನ್ನಿ. ಐದಾರು ವಾರ.

"ಪ್ಲಾಸ್ಟರ್ ಇಲ್ಲೇನು?" ಎಂದು ಕೇಳಿದೆ. ಇಷ್ಟು ನೋವು ತಿಂದು, ಇಷ್ಟು ಜನರ ಎದುರು ಮಾನ ಕಳೆದುಕೊಂಡು, ಕೊನೆಗೆ ಎರಡಿಂಚು ಟೇಪು! ಇದನ್ನು ಹೊತ್ತುಕೊಂಡು ಮನೆಗೆ ಹೋದರೆ ಸಂಜೆಗೆ ನಾನು ಮಾವಿನಕಾಯಿಗೆ ಖಾರ ಕಲಸುತ್ತಿರುತ್ತೇನೆ.

ಡಾಕ್ಟರು ಟೇಪಿನ ಸುರುಳಿ ಕೆಳಗಿಟ್ಟು ನನ್ನನ್ನೇ ನೋಡಿದರು. ನನ್ನ ಗಂಡ ಆಗ ಹೊರಗೆ ಔಷಧದ ಚೀಟಿ ಹಿಡಿದು ನಿಂತಿದ್ದರು.

"ಘರೀ ಸಾಸೂ ಆಹೇ ಕಾ?"

ಮನೆಯಲ್ಲಿ ಅತ್ತೆ ಇದ್ದಾರಾ ಎಂದು. ತಲೆಯಾಡಿಸಿದೆ. ಅವರು ಕಂಪೌಂಡರನ್ನು ಕರೆದು ಅಗಲವಾದ ಕ್ರೇಪ್ ಬ್ಯಾಂಡೇಜು ತರಿಸಿದರು. ಪಾದದಿಂದ ಶುರುಮಾಡಿ, ಹಿಮ್ಮಡಿ ದಾಟಿ, ಮೊಣಕಾಲಿನ ಕೆಳಗಿನವರೆಗೆ ಸಡಿಲವಾಗಿ, ಆದರೆ ಬಹಳ ಗಂಭೀರವಾಗಿ ಸುತ್ತಿದರು. "ಇದರಿಂದ ಎಲುಬಿಗೆ ಏನೂ ಪ್ರಯೋಜನವಿಲ್ಲ. ರಾತ್ರಿ ಬಿಚ್ಚಿಡಿ," ಎಂದರು. "ಬೆಳಗ್ಗೆ ಎಲ್ಲರೂ ಏಳುವ ಮೊದಲು ಸುತ್ತಿಕೊಳ್ಳಿ."

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ಬ್ಯಾಂಡೇಜು ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ಕಾಲೇ ಮುರಿದಿದೆಯಾ?" ಅಂದು ಮಧ್ಯಾಹ್ನ ಅವರು ನನಗೆ ಕಾಫಿ ಮಾಡಿ ತಂದುಕೊಟ್ಟರು. ಮಗಳು ಕುಕ್ಕರ್ ಇಟ್ಟಳು. ನನ್ನ ಗಂಡ ಹೊಸ ಪಂಪು ಹಾಕಿ, ಯಾರೂ ಹೇಳದೆಯೇ ನಾಲ್ಕು ಬಕೆಟ್ಟು ನೀರು ಸುರಿದರು. ಹಜಾರದ ತುಂಬ ಚೆಲ್ಲಿದರು, ಅದು ಬೇರೆ ಮಾತು. ಎದುರುಮನೆಯ ಹೆಂಗಸು ಒಗ್ಗರಣೆ ಅವಲಕ್ಕಿ ತಂದರು. ನಿಜವಾದ ಬೆರಳಿಗೆ ಸಿಗದ ಕರುಣೆ ಸುಳ್ಳು ಬಟ್ಟೆಗೆ ಧಾರಾಳವಾಗಿ ಸಿಕ್ಕಿತು. ನನಗೆ ನಾಚಿಕೆಯಾಗಬೇಕಿತ್ತು. ನಾನು ಎರಡನೆಯ ಲೋಟ ಕಾಫಿ ಕೇಳಿದೆ.

ಇದು ಗುರುವಾರದವರೆಗೆ ನಡೆಯಿತು. ಗುರುವಾರ ಬೆಳಗ್ಗೆ ಮಗಳು ಕಾಲೇಜಿಗೆ, ಇವರು ಫ್ಯಾಕ್ಟರಿಗೆ ಹೋದ ಮೇಲೆ ಅತ್ತೆ ಬಟ್ಟೆ ನೆನೆಸಲು ಜೇಬು ತಡವಿದರು. ನಾನು ಮಂಚದ ಮೇಲೆ ದಿಂಬಿಗೆ ಕಾಲು ಏರಿಸಿಕೊಂಡು ಪರೀಕ್ಷೆಯ ಹಳೆಯ ಪತ್ರಿಕೆ ನೋಡುತ್ತಿದ್ದೆ. ಅವರು ಒಳಗೆ ಬಂದು, ಬೆಳ್ಳಿಯ ಎರಡು ಅರ್ಧಗಳನ್ನು ನನ್ನ ಎದುರು ಹಾಸಿಗೆಯ ಮೇಲಿಟ್ಟರು.

ಬೈಗುಳಕ್ಕೆ ಸಿದ್ಧಳಾಗಿ ಕೂತೆ. ನನ್ನ ಹತ್ತಿರವೂ ಮೂರು ದಿನದಿಂದ ಕೂಡಿಟ್ಟ ಉತ್ತರಗಳಿದ್ದವು. ಅವರು ಬೈಯಲಿಲ್ಲ. ಮಂಚದ ಅಂಚಿಗೆ ಕೂತರು.

"ಯಾರು ಕತ್ತರಿಸಿದ್ದು?"

"ನಿಮ್ಮ ಮಗಾನ."

"ನೋವಾಯ್ತಾ?"

"ಇಲ್ರೀ. ಭಾಳ ಹಗೂರ ಕತ್ತರಿಸಿದ್ರು. ಕೆಳಗ ಪಟ್ಟಿ ಇಟ್ಟು."

ಅವರು ಒಂದು ತುಂಡನ್ನು ಎತ್ತಿ ಅಂಚನ್ನು ಮುಟ್ಟಿ ನೋಡಿದರು, ಮಗನ ಹಾಗೆಯೇ. ಆಮೇಲೆ ಹೇಳಿದರು:

"ನಿಮ್ಮ ಮಾವ ಹೋದಾಗ ಹತ್ತು ದಿನ ನೆಲದ ಮೇಲೆ ಕೂತೂ ಕೂತೂ ನನ್ನ ಕಾಲು ಹೀಗೇ ಬಾತಿತ್ತು. ಉಂಗುರ ಬರಲಿಲ್ಲ. ಸೋಪು ಹಾಕಿದ್ರು, ಬರಲಿಲ್ಲ. ಯಾರೋ ಇಕ್ಕಳ ತಂದ್ರು. ನಿಮ್ಮ ಚಿಕ್ಕತ್ತೆ ಕಾಲು ಹಿಡ್ಕೊಂಡ್ಲು. ಚರ್ಮ ಕಿತ್ತುಕೊಂಡು ಬಂತು. ಆವತ್ತು ಯಾವ ವಾರ ಅಂತ ಯಾರೂ ಕೇಳಲಿಲ್ಲ."

ನಾನು ಆಗ ಅಲ್ಲಿ ಅಡಿಗೆಯ ಕಡೆ ಇದ್ದೆ. ಒಳಕೋಣೆಯ ಕೂಗು ಅಳುವಿನದೆಂದು ತಿಳಿದಿದ್ದೆ. ಎಲ್ಲರೂ ಹಾಗೆಯೇ ತಿಳಿದಿದ್ದರು. ಹತ್ತನೆಯ ದಿನ ಅಳುವುದು ಪದ್ಧತಿ, ಯಾರು ಹೋಗಿ ನೋಡುತ್ತಾರೆ?

"ಇವ್ರು ಎಲ್ಲಿದ್ರು?" ಎಂದು ಕೇಳಿದೆ.

"ಅವನಾ? ಹೊರಗಡೆ ಪುರೋಹಿತರ ಹತ್ರ ಸಾಮಾನಿನ ಪಟ್ಟಿ ತಾಳೆ ನೋಡ್ತಿದ್ದ. ದರ್ಭೆ ಕಮ್ಮಿ ಬಿದ್ದಿದೆ ಅಂತ ಜಗಳ ಆಡ್ತಿದ್ದ." ಅವರು ಸೀರೆಯ ಅಂಚು ಸರಿಸಿ ಬಲಗಾಲು ತೋರಿಸಿದರು. ಆ ಬೆರಳಿನ ಬುಡದಲ್ಲಿ ಬೆಳ್ಳಗೆ, ನುಣ್ಣಗೆ ಒಂದು ಗಾಯದ ಕಲೆ. ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದು ನಾನು ಅದನ್ನು ನೋಡಿರಲಿಲ್ಲ. ಅವರ ಕಾಲಿಗೆ ಹಬ್ಬಹಬ್ಬಕ್ಕೂ ಬಗ್ಗಿ ನಮಸ್ಕಾರ ಮಾಡಿದ್ದೇನೆ.

ಗದಗಿನ ಬಾಯಿಗೆ ಜಗಳದ ಮಾತು ಬರುತ್ತದೆ, ಸಮಾಧಾನದ್ದು ಬರುವುದಿಲ್ಲ. ಅವರ ಕಾಲಿನ ಮೇಲೆ ಕೈಯಿಟ್ಟೆ. ಅವರು ಅರೆಕ್ಷಣ ಬಿಟ್ಟು ಕಾಲು ಎಳೆದುಕೊಂಡರು.

"ಉಪ್ಪಿನಕಾಯಿಗೆ ಉಪ್ಪು ಕಮ್ಮಿಯಾಗಿದೆ," ಎಂದರು ಎದ್ದು ನಿಲ್ಲುತ್ತ. "ಆವತ್ತು ನಿನ್ನ ಗಮನ ಎಲ್ಲೋ ಇತ್ತು."

"ಬೆರಳಿನ್ಯಾಗ ಇತ್ರೀ."

"ಆ ಬ್ಯಾಂಡೇಜು ರಾತ್ರಿ ಬಿಚ್ಚಿ ಇಡ್ತೀಯ, ನನಗೆ ಗೊತ್ತು. ಬಿಚ್ಚೇ ಇರು. ಸೆಕೆಗೆ ಬೊಬ್ಬೆ ಏಳುತ್ತೆ," ಎಂದು ಬಟ್ಟೆ ನೆನೆಸಲು ಹೋದರು.

ಬೆರಳು ಕೂಡಲು ಆರು ವಾರ ಹಿಡಿಯಿತು. ಎರಡು ದಿನಕ್ಕೊಮ್ಮೆ ಟೇಪು ಬದಲಿಸಬೇಕಾಗಿತ್ತು. ಅದನ್ನು ನನ್ನ ಗಂಡ ತಾವೇ ವಹಿಸಿಕೊಂಡರು. ಟೇಪು ಎಷ್ಟು ಬಿಗಿ ಇರಬೇಕು, ಹತ್ತಿ ಎಷ್ಟು ದಪ್ಪ ಇರಬೇಕು ಎಂದು ನನಗೇ ಪಾಠ ಹೇಳುತ್ತ ಸುತ್ತುತ್ತಿದ್ದರು. ಚೆನ್ನಾಗಿಯೇ ಸುತ್ತುತ್ತಿದ್ದರು ಎಂದು ಒಪ್ಪಿಕೊಳ್ಳಬೇಕು. ಮೂರನೆಯ ವಾರದ ತಪಾಸಣೆಯಲ್ಲಿ ಡಾಕ್ಟರು ಟೇಪು ನೋಡಿ ಯಾರು ಹಾಕಿದ್ದು ಎಂದು ಕೇಳಿದಾಗ ಇವರು ಶಾಲೆಯ ಹುಡುಗನ ಹಾಗೆ ಕೈ ಎತ್ತಿದರು. ಬೆರಳು ಒಂದು ಕೂದಲೆಳೆಯಷ್ಟು ಎಡಕ್ಕೆ ವಾಲಿ ಕೂಡಿತು, ಚಳಿಯಲ್ಲಿ ಸ್ವಲ್ಪ ಸೆಡೆಯುತ್ತದೆ. ಹೊಸ ಕಾಲುಂಗುರದ ಮಾತನ್ನು ಯಾರೂ ಎತ್ತಲಿಲ್ಲ. ಶ್ರಾವಣದಲ್ಲಿ ಬಂದ ನೆಂಟರೊಬ್ಬರು ನನ್ನ ಬರಿಬೆರಳು ನೋಡಿ ಹುಬ್ಬೇರಿಸಿದಾಗ, ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಡಾಕ್ಟ್ರು ಬೇಡ ಅಂದಿದ್ದಾರೆ," ಎಂದರು. ಡಾಕ್ಟರು ಹಾಗೆಂದಿರಲಿಲ್ಲ.

ಅದಕ್ಕೂ ಮೊದಲು, ಬೆರಳಿಗೆ ಇನ್ನೂ ಟೇಪು ಇದ್ದಾಗಲೇ, ಜೂನ್ ಕೊನೆಗೆ ಶಾಲೆ ತೆರೆದಿತ್ತು. ಮೊದಲ ದಿನ ಸೀರೆ ಉಟ್ಟು, ಕೆಳಗೆ ಮಗಳ ಹಳೆಯ ಅಗಲ ಮೂತಿಯ ಸ್ಪೋರ್ಟ್ಸ್ ಶೂ ಹಾಕಿಕೊಂಡು ಹೋದೆ. ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ನನ್ನನ್ನು ತಡೆದು, ಶೂಗಳನ್ನು ಬಹಳ ಹೊತ್ತು ನೋಡಿ, "ಮ್ಯಾಡಮ್, ಸೀರೆಗೆ ಇದು ಶೋಭಿಸುತ್ತದೆಯೇ?" ಎಂದು ಹಿಂದಿಯಲ್ಲಿ ಕೇಳಿದರು. ಅವರ ಸ್ವಂತ ಹೊಟ್ಟೆ ಬೆಲ್ಟಿನ ಮೇಲಿಂದ ಒಂದು ಗೇಣು ಹೊರಗೆ ಬಂದಿತ್ತು. ಬೆರಳು ಮುರಿದಿದೆ ಎಂದೆ. "ಓ, ಬರೀ ಬೆರಳಾ?" ಎಂದು ನಕ್ಕರು. "ನಾನು ಇನ್ನೇನೋ ಅಂದುಕೊಂಡೆ. ಹಾಗಾದರೆ ನಾಳೆಯಿಂದ ಪ್ರಾರ್ಥನೆಯ ಸಾಲು ನೀವೇ ನಿಂತು ನೋಡಿಕೊಳ್ಳಿ."

"ನಿಂತು ನೋಡಿಕೊಳ್ಳುವವರು ಬೇರೆ ಯಾರಾದರೂ ಇರಲಿ ಸರ್," ಎಂದು ಹೇಳಿ, ಅವರ ಉತ್ತರಕ್ಕೆ ಕಾಯದೆ ಎಂಟನೆಯ ತರಗತಿಗೆ ಹೋದೆ. ಕುರ್ಚಿಯನ್ನು ಬೋರ್ಡಿನ ಹತ್ತಿರ ಎಳೆದುಕೊಂಡು, ಕೂತೇ ಪಾಠ ಶುರುಮಾಡಿದೆ.